‘ತಲೆ ಕೆಡಿಸ್ಕೋಬೇಡ’ ಎನ್ನುವ ಮೊದಲು

(ಸಾಗರದಲ್ಲಿ ಮಹಿಳೆಯರ ಬಳಗವೊಂದು ಕರೆದಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಅಂದು ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿ ಬರೆದಿದ್ದೇನೆ. ಇಲ್ಲಿ ಬರುವವರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ, ಕರೆಂಟೂ ಇಲ್ಲ. ಆದರೂ ಇಷ್ಟು ಜನ ಬಂದಿದ್ದೀರಿ ಅಂದರೆ ಬೇಡದ ಯೋಚನೆ, ಚಿಂತೆ, ಕೊರಗು ಎನ್ನುವ ಈ ವಿಷಯ ನಿಮ್ಮ ನಿಮ್ಮ ಮನೆಯೊಳಗೂ ಇದೆ ಅಂತ ತಿಳಿದುಕೊಂಡಿದ್ದೇನೆ.

ಆಪ್ತಸಮಾಲೋಚಕಿ ಆಗುವ ಮೊದಲು ನಾನು ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು. ಒಂದು ದಿನ ಶಾಲೆ ಬಿಟ್ಟ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಕರೆದೆ. ಬಂದಳು, ಸುಮಾರು ಹೊತ್ತು ಬಾಯಿ ಬಿಡಲಿಲ್ಲ. ಆಮೇಲೆ, ‘ಮೇಡಂ, ನಂಗೆ ಕೆಟ್ಟ ಕೆಟ್ಟ ಯೋಚನೆ ಬರುತ್ತೆ’ ಅಂದಳು. ನನಗೆ ಬಸ್ಸಿನ ಹೊತ್ತಾಗಿತ್ತು, ಉತ್ತರಪತ್ರಿಕೆಗಳ ಕಟ್ಟನ್ನು ಚೀಲಕ್ಕೆ ತುರುಕುತ್ತಿದ್ದೆ. ‘ಅಂಥದ್ದಕ್ಕೆಲ್ಲ ತಲೆ ಕೆಡಿಸ್ಕೋಬೇಡ ಪುಟ್ಟಿ, ಓದಿನ ಕಡೆ ಗಮನ ಕೊಡು’ ಅಂದೆ. ‘ಆಯ್ತು ಮೇಡಂ’ ಅಂತ ಹೋದಳು. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ.

ಹನ್ನೊಂದು ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಂಕುಳಲ್ಲಿ ಮಗು ಇತ್ತು. ಅವತ್ತು ಹೇಳಲಾಗದ್ದನ್ನು ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಹೇಳಿದಳು. ಅಮ್ಮನಿಗೆ ನೆರವಾಗಲು ಮೆಟ್ಟುಗತ್ತಿಯ ಮುಂದೆ ಕೂತಾಗಲೆಲ್ಲ, ಪಕ್ಕದಲ್ಲಿ ಆಡುತ್ತಿದ್ದ ಪುಟ್ಟ ತಮ್ಮನಿಗೆ ತಾನೇ ಏನಾದರೂ ಮಾಡಿಬಿಟ್ಟ ಹಾಗೆ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತಂತೆ. ತಮ್ಮ ಅಂದರೆ ಅವಳಿಗೆ ಪ್ರಾಣ. ಹೆದರಿ ಮೆಟ್ಟುಗತ್ತಿ ಮುಟ್ಟುವುದನ್ನೇ ಬಿಟ್ಟಳು. ಮೂರು ವರ್ಷ ಒಂದು ಬೀನ್ಸ್ ಹೆಚ್ಚಲಿಲ್ಲ, ಸೋಮಾರಿ ಅಂತ ದಿನವೂ ಬೈಸಿಕೊಂಡಳು. ತಮ್ಮನನ್ನು ಎತ್ತಿಕೊಳ್ಳುವುದನ್ನೂ ನಿಲ್ಲಿಸಿದಳು. ‘ನಾನು ಒಳಗಿಂದ ರಾಕ್ಷಸಿ ಅಂದ್ಕೊಂಡಿದ್ದೆ ಮೇಡಂ. ಇಂಥ ಯೋಚನೆ ಎಷ್ಟೋ ಜನಕ್ಕೆ ಬರುತ್ತೆ ಅಂತ ಡಾಕ್ಟರು ಹೇಳಿದ ದಿನ ಅಲ್ಲೇ ಅತ್ತುಬಿಟ್ಟೆ.’

ಎರಡು ನಿಮಿಷದ ಮಾತು ಅದು. ನಾನೇ ಹೇಳಬಹುದಿತ್ತು, ನನಗೆ ಗೊತ್ತಿದ್ದರೆ. ಗೊತ್ತಿರಲಿಲ್ಲ. ನಾನು ಈ ಓದಿಗೆ ಇಳಿದದ್ದು ಆ ಕಲ್ಲುಬೆಂಚಿನಿಂದ.

ಹಾಗಾಗಿ ಮೊದಲು ಅವಳಿಗೆ ಹೇಳಬೇಕಾಗಿದ್ದ ಮಾತನ್ನು ನಿಮಗೆ ಹೇಳುತ್ತೇನೆ. 1978ರಲ್ಲಿ ಲಂಡನ್ನಿನಲ್ಲಿ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಸಮೀಕ್ಷೆ ಮಾಡಿದರು. ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನು ಕೇಳಿದರು: ಬೇಡದ, ಅಸಹ್ಯ ಹುಟ್ಟಿಸುವ, ನಿಮ್ಮ ಸ್ವಭಾವಕ್ಕೇ ಒಗ್ಗದ ಯೋಚನೆ ನಿಮಗೆ ಬರುತ್ತದೆಯೇ? ನೂರಕ್ಕೆ ಎಂಬತ್ತರಷ್ಟು ಜನ ಹೌದು ಅಂದರು. ಅವರು ಹೇಳಿದ ಯೋಚನೆಗಳನ್ನೂ ಚಿಕಿತ್ಸೆಗೆ ಬಂದ ರೋಗಿಗಳ ಯೋಚನೆಗಳನ್ನೂ ಬೆರೆಸಿ ಕೊಟ್ಟರೆ, ಯಾವುದು ಯಾರದು ಅಂತ ಬಿಡಿಸಿ ಹೇಳುವುದು ತಜ್ಞರಿಗೂ ಸುಲಭವಾಗಲಿಲ್ಲ. 2014ರಲ್ಲಿ 13 ದೇಶಗಳ ವಿದ್ಯಾರ್ಥಿಗಳ ನಡುವೆ ಇಂಥದೇ ಇನ್ನೊಂದು ಅಧ್ಯಯನ ನಡೆಯಿತು. ಅಲ್ಲಿ ಹಿಂದಿನ ಮೂರು ತಿಂಗಳಲ್ಲಿ ಒಂದಾದರೂ ಅಂಥ ಯೋಚನೆ ಬಂದಿದೆ ಎಂದವರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ರೈಲು ಬರುವಾಗ ಪ್ಲಾಟ್‌ಫಾರ್ಮ್ ಅಂಚಿನಲ್ಲಿ ನಿಂತರೆ ‘ಹಾರಿಬಿಟ್ಟರೆ?’ ಅನ್ನಿಸುವುದು, ಜೋಗದ ಕಂಬಿ ಹಿಡಿದು ನಿಂತಾಗ ಕಾಲು ತಣ್ಣಗಾಗುವುದು, ಬಾಣಂತಿಗೆ ‘ಮಗುವನ್ನು ಕೈಬಿಟ್ಟರೆ?’ ಅನ್ನಿಸುವುದು, ಪೂಜೆ ಮಾಡುವಾಗ ದೇವರ ಮುಂದೆಯೇ ಹೇಳಬಾರದ ಮಾತು ತಲೆಗೆ ಬರುವುದು. ಇಲ್ಲಿ ಕೂತಿರುವ ನಮ್ಮಲ್ಲಿ ಬಹಳ ಜನಕ್ಕೆ ಇದರಲ್ಲಿ ಒಂದಾದರೂ ಬಂದಿರುತ್ತದೆ. ನನಗೂ ಬಂದಿದೆ. ಯಾರೂ ಯಾರಿಗೂ ಹೇಳುವುದಿಲ್ಲ, ಅದಕ್ಕೇ ಪ್ರತಿಯೊಬ್ಬರಿಗೂ ತಾನೊಬ್ಬಳೇ ಅನ್ನಿಸುತ್ತದೆ.

ಹಾಗಾದರೆ ಆ ಹುಡುಗಿಗೂ ನಮಗೂ ವ್ಯತ್ಯಾಸ ಏನು? ನಮಗೆ ಯೋಚನೆ ಬಂದು ಹೋಯಿತು. ಅವಳು ಅದಕ್ಕೆ ಅರ್ಥ ಕಟ್ಟಿದಳು: ‘ಇಂಥದ್ದು ನನಗೆ ಹೊಳೆಯುತ್ತದೆ ಅಂದರೆ ನಾನು ಇಂಥವಳೇ, ಒಂದಲ್ಲ ಒಂದು ದಿನ ಮಾಡಿಯೇ ಮಾಡುತ್ತೇನೆ.’ ತಮ್ಮನ ಮೇಲೆ ಅಷ್ಟು ಪ್ರೀತಿ ಇದ್ದದ್ದಕ್ಕೇ ಅವಳಿಗೆ ಆ ಯೋಚನೆ ಅಷ್ಟು ಭಯ ಹುಟ್ಟಿಸಿತು. ಪ್ರೀತಿ ಇಲ್ಲದವಳಾಗಿದ್ದರೆ ಗಮನಿಸುತ್ತಲೂ ಇರಲಿಲ್ಲ.

ಈ ಅರ್ಥ ಕಟ್ಟುವ ಅಭ್ಯಾಸ ನಮ್ಮ ಮನೆಗಳಲ್ಲಿ ಎಲ್ಲಿಂದ ಬರುತ್ತದೆ ಅಂತ ನಾನು ಬಹಳ ಯೋಚಿಸಿದ್ದೇನೆ. ನೆನಪಿದೆಯಾ, ಚಿಕ್ಕಂದಿನಲ್ಲಿ ಮುಸ್ಸಂಜೆ ಹೊತ್ತು ಬಾಯ್ತಪ್ಪಿ ‘ಬಸ್ಸು ಬಿದ್ರೆ?’ ಅಂತಲೋ ‘ಅಜ್ಜ ಸತ್ತುಹೋದ್ರೆ?’ ಅಂತಲೋ ಕೇಳಿದರೆ ಅಜ್ಜಿ ಕೂಡಲೇ ‘ಬಿಡ್ತು ಅನ್ನು! ಬಿಡ್ತು ಅನ್ನು!’ ಅಂತ ಗದರುತ್ತಿದ್ದರು. ಅಸ್ತು ದೇವತೆಗಳು ತಿರುಗಾಡುವ ಹೊತ್ತು, ನೀನು ಆಡಿದ್ದಕ್ಕೆ ಅವರು ‘ಅಸ್ತು’ ಅಂದುಬಿಟ್ಟರೆ ಮುಗೀತು. ನಾವು ಬಿಡ್ತು ಅನ್ನುತ್ತಿದ್ದೆವು, ಅಜ್ಜಿಗೆ ಸಮಾಧಾನ ಆಗುತ್ತಿತ್ತು. ಅಜ್ಜಿಯ ಕಾಳಜಿಯನ್ನು ನಾನು ಹೀಗಳೆಯುವವಳಲ್ಲ. ಆ ಮಾತಿನ ಹಿಂದೆ ಮೊಮ್ಮಕ್ಕಳ ಮೇಲೆ, ಅಜ್ಜನ ಮೇಲೆ ಪ್ರೀತಿ ಇತ್ತು. ಆದರೆ ಸೂಕ್ಷ್ಮ ಮನಸ್ಸಿನ ಮಗು ಅದರಿಂದ ಇನ್ನೊಂದು ಪಾಠವನ್ನೂ ಕಲಿಯುತ್ತದೆ: ಕೆಟ್ಟದ್ದನ್ನು ಆಡಿದರೆ, ನೆನೆದರೆ, ಅದು ಆಗುತ್ತದೆ. ಯೋಚನೆಗೂ ಕ್ರಿಯೆಗೂ ನಡುವಿನ ಗೋಡೆ ಹೀಗೆ ತೆಳುವಾದರೆ ಮನಸ್ಸು ಎಷ್ಟು ನರಳುತ್ತದೆ ಎನ್ನುವುದನ್ನು 1990ರ ದಶಕದಿಂದೀಚೆಗೆ ಮನಶ್ಶಾಸ್ತ್ರಜ್ಞರು ವಿವರವಾಗಿ ಅಧ್ಯಯನ ಮಾಡಿದ್ದಾರೆ. ನನ್ನ ಹತ್ತಿರ ಬಂದವರಲ್ಲಿ ಗಂಡ ಮನೆಗೆ ಬರುವ ತನಕ ಮನಸ್ಸಿನೊಳಗೇ ನೂರೆಂಟು ಸಲ ಬಿಡ್ತು ಬಿಡ್ತು ಅನ್ನುವವರಿದ್ದರು. ಅವರಿಗೆ ನಾನು ಕೇಳಿದ್ದು ಇಷ್ಟೇ: ಅಡಿಕೆಗೆ ಒಳ್ಳೆಯ ರೇಟು ಬರಲಿ ಅಂತಲೂ ಇಷ್ಟೇ ಸಲ ನೆನೆದಿದ್ದೀರಲ್ಲ, ಅದಕ್ಕೆ ಯಾಕೆ ಯಾರೂ ಅಸ್ತು ಅನ್ನಲಿಲ್ಲ? ಒಬ್ಬಾಕೆ ತುಂಬ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕರು. ಆ ನಗುವಿನಲ್ಲಿ ಎಷ್ಟೋ ವರ್ಷದ ಭಾರ ಇಳಿದದ್ದು ಕಂಡಿತು.

ಇನ್ನು ನನ್ನ ಆ ಉಪದೇಶ, ‘ತಲೆ ಕೆಡಿಸ್ಕೋಬೇಡ.’ ಅದು ಯಾಕೆ ಕೆಲಸ ಮಾಡುವುದಿಲ್ಲ ಎನ್ನುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡ ಅಂತ ಪಂಡಿತರು ರೋಗಿಗೆ ಪಥ್ಯ ಹೇಳಿದ ಕತೆ ನೀವೆಲ್ಲ ಕೇಳಿದ್ದೀರಿ. ಹುಟ್ಟಿದಾರಭ್ಯ ಕೋತಿಯ ಗೊಡವೆಗೇ ಹೋಗದವನಿಗೆ ಲೋಟ ಎತ್ತಿದಾಗಲೆಲ್ಲ ಕೋತಿಯೇ ಕಂಡಿತು. 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಇದನ್ನೇ ಪ್ರಯೋಗ ಮಾಡಿ ನೋಡಿದರು. ಅಲ್ಲಿ ಕೋತಿಯ ಬದಲು ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆಯನ್ನು ಮತ್ತೆ ಮತ್ತೆ ಬಾರಿಸುತ್ತಲೇ ಇದ್ದರು. ಮುಖ್ಯವಾದದ್ದು ಅದರ ಮುಂದಿನ ಭಾಗ. ಆಮೇಲೆ ‘ಈಗ ಬೇಕಾದರೆ ನೆನೆಯಿರಿ’ ಅಂದಾಗ, ಮೊದಲು ಅದುಮಿಟ್ಟುಕೊಂಡಿದ್ದವರಿಗೆ ಕರಡಿ, ಮೊದಲಿನಿಂದಲೇ ನೆನೆಯಲು ಬಿಟ್ಟಿದ್ದವರಿಗಿಂತ ಹೆಚ್ಚು ಸಲ ನೆನಪಾಯಿತು. ಅದುಮಬೇಕಾದರೆ ಅದು ಬಂತಾ ಅಂತ ಕಾವಲು ಕಾಯಬೇಕು. ಕಾವಲು ಕಾಯಬೇಕಾದರೆ ಅದನ್ನು ನೆನಪಿನಲ್ಲಿ ಇಟ್ಟುಕೊಂಡಿರಲೇಬೇಕು. ನಾನು ಆ ಹುಡುಗಿಗೆ ಕೊಟ್ಟು ಕಳಿಸಿದ್ದು ಆ ಕಾವಲಿನ ಕೆಲಸವನ್ನು.

ಕೆಟ್ಟದ್ದೇ ಯಾಕೆ ಮೊದಲು ಹೊಳೆಯಬೇಕು, ಒಳ್ಳೆಯದು ಯಾಕಲ್ಲ ಅಂತ ಕೇಳುವವರಿದ್ದಾರೆ. ಹಗ್ಗವನ್ನು ಹಾವು ಅಂದುಕೊಳ್ಳುವ ದೃಷ್ಟಾಂತ ವೇದಾಂತದಲ್ಲಿ ಬರುತ್ತದೆ. ವೇದಾಂತದ ಮಾತು ಪಕ್ಕಕ್ಕಿರಲಿ, ಮಲೆನಾಡಿನಲ್ಲಿ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆದವರು ಇದನ್ನು ಹೀಗೆ ನೋಡಿ. ಹಗ್ಗವನ್ನು ಹಾವೆಂದುಕೊಂಡವನು ಒಂದು ಹಾರು ಹಾರಿದ, ಎದೆ ಡವಡವ ಅಂತು, ಮನೆಗೆ ಬಂದ. ಹಾವನ್ನು ಹಗ್ಗ ಅಂದುಕೊಂಡವನು ಮನೆಗೆ ಬರಲಿಲ್ಲ. ನಾವು ಮೊದಲನೆಯವನ ಮೊಮ್ಮಕ್ಕಳು. ನಮ್ಮ ಮಿದುಳು ಹತ್ತು ಸಲ ಸುಳ್ಳು ಗಾಬರಿ ಎಬ್ಬಿಸಿದರೂ ಸರಿ, ಹನ್ನೊಂದನೆಯ ನಿಜವಾದ ಅಪಾಯವನ್ನು ತಪ್ಪಿಸಬಾರದು ಅಂತ ರೂಪುಗೊಂಡದ್ದು. ಅದು ಕೆಟ್ಟು ಹೋದ ಮನಸ್ಸಲ್ಲ, ತನ್ನ ಕೆಲಸ ತಾನು ಮಾಡುತ್ತಿರುವ ಮನಸ್ಸು. ನಾವು ಮಾಡಬೇಕಾದ್ದು ಬ್ಯಾಟರಿ ಹಾಕಿ ನೋಡುವುದು.

ಬ್ಯಾಟರಿ ಹಾಕುವುದು ಅಂದರೇನು? ಒಂದು ರಾತ್ರಿಯ ಕತೆ ಹೇಳುತ್ತೇನೆ. ಇದು ನಿಮ್ಮದೇ ಮನೆಯ ಕತೆ ಅನ್ನಿಸಿದರೆ ಆಶ್ಚರ್ಯವಿಲ್ಲ, ನಾನು ಇದನ್ನು ಹತ್ತಾರು ತಾಯಂದಿರಿಂದ ಕೇಳಿದ್ದೇನೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುವವನು ಮಾಡಲಿಲ್ಲ. ಹತ್ತಕ್ಕೆ ಇವರೇ ಮಾಡಿದರು, ಎತ್ತಲಿಲ್ಲ. ವಾಟ್ಸಾಪಿನಲ್ಲಿ ನೋಡಿದರೆ ಸಂಜೆ ಆರೂವರೆಯ ನಂತರ ಆನ್‌ಲೈನ್ ಬಂದೇ ಇಲ್ಲ. ಅಲ್ಲಿಗೆ ತಲೆಗೆ ಹುಳ ಬಿತ್ತು. ಬೈಕ್, ಮಳೆ, ಲಾರಿ, ಆಸ್ಪತ್ರೆ. ಹತ್ತೂಮುಕ್ಕಾಲಿಗೆ ಹದಿನಾಲ್ಕು ಸಲ ಫೋನ್ ಮಾಡಿಯಾಗಿದೆ. ಗಂಡ ಟೀವಿ ಮುಂದಿನಿಂದ ‘ತಲೆ ಕೆಡಿಸ್ಕೋಬೇಡ್ವೇ’ ಅಂದರು. ಹನ್ನೊಂದೂಕಾಲಿಗೆ ಮಗನ ಫೋನ್ ಬಂತು: ಮೀಟಿಂಗಿತ್ತು, ಫೋನ್ ಚಾರ್ಜಿಗಿಟ್ಟು ಹೋಗಿದ್ದೆ, ಇದೇನಮ್ಮ ಹದಿನಾಲ್ಕು ಮಿಸ್ ಕಾಲ್? ಮಗ ರೇಗಿದ, ತಾಯಿ ಅತ್ತರು, ರಾತ್ರಿ ನಿದ್ದೆ ಇಲ್ಲ.

ಆ ತಾಯಿಯನ್ನು ಕೇಳಿದರೆ ‘ಅವನು ಫೋನ್ ಎತ್ತಲಿಲ್ಲ, ಅದಕ್ಕೆ ಗಾಬರಿ ಆಯ್ತು’ ಅನ್ನುತ್ತಾರೆ. ಆದರೆ ಅದೇ ಹೊತ್ತಿಗೆ ಅಪ್ಪನ ಫೋನನ್ನೂ ಅವನು ಎತ್ತಿರಲಿಲ್ಲ. ಅಪ್ಪನಿಗೆ ಗಾಬರಿ ಆಗಲಿಲ್ಲ. ಫೋನ್ ಎತ್ತದೇ ಇದ್ದದ್ದಕ್ಕೂ ಗಾಬರಿಗೂ ನಡುವೆ ಇನ್ನೊಂದು ವಾಕ್ಯ ಇದೆ, ಅದು ಎಷ್ಟು ಬೇಗ ಓಡಿಹೋಗುತ್ತದೆ ಅಂದರೆ ನಮಗೆ ಕಾಣುವುದೇ ಇಲ್ಲ: ‘ಅವನಿಗೆ ಏನೋ ಆಗಿದೆ.’ ಫಿಲಡೆಲ್ಫಿಯಾದ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಹಿಡಿದದ್ದು ಈ ನಡುವಿನ ವಾಕ್ಯವನ್ನು. ಒಬ್ಬ ರೋಗಿ ಅವರ ಮುಂದೆ ಏನೇನೋ ಹೇಳಿಕೊಳ್ಳುತ್ತಿದ್ದಳು, ಒಳಗೊಳಗೇ ಚಡಪಡಿಸುತ್ತಿದ್ದಳು. ಕೇಳಿದಾಗ ಗೊತ್ತಾಯಿತು, ಬಾಯಲ್ಲಿ ಆ ಮಾತು ಓಡುತ್ತಿದ್ದರೆ ಹಿಂದೆ ಇನ್ನೊಂದು ಸಾಲು ಓಡುತ್ತಿತ್ತು: ‘ನನ್ನ ಮಾತು ಇವರಿಗೆ ಬೇಸರ ತರಿಸುತ್ತಿದೆ.’ ಅವಳ ಸಂಕಟ ಹುಟ್ಟುತ್ತಿದ್ದದ್ದು ಆ ಹಿಂದಿನ ಸಾಲಿನಿಂದ. ತಾನಾಗಿ ಓಡುವ ಈ ಯೋಚನೆಗಳನ್ನು ನಿಲ್ಲಿಸಿ ಓದಲು ಕಲಿಸುವುದೇ ಅವರು ಕಟ್ಟಿದ ಚಿಕಿತ್ಸಾ ಪದ್ಧತಿಯ ತಿರುಳು. ಬೆಕ್ ನೂರು ವರ್ಷ ಬಾಳಿ 2021ರಲ್ಲಿ ತೀರಿಕೊಂಡರು. ಇವತ್ತು ನಮ್ಮ ನಿಮ್ಹಾನ್ಸ್‌ನಲ್ಲೂ ಆ ಪದ್ಧತಿಯ ಚಿಕಿತ್ಸೆ ಇದೆ.

ಮನೆಯಲ್ಲಿ ಇದನ್ನು ಮಾಡಲು ಪೆನ್ನು, ಹಳೇ ಡೈರಿ ಸಾಕು. ಆ ನಡುವಿನ ವಾಕ್ಯವನ್ನು ಇದ್ದ ಹಾಗೇ ಬರೆಯಿರಿ. ‘ಅವನಿಗೆ ಆಕ್ಸಿಡೆಂಟ್ ಆಗಿದೆ.’ ಬರೆದ ಮೇಲೆ ಅದನ್ನು ಒಂದು ಗಣಿತದ ಲೆಕ್ಕದ ಹಾಗೆ ನೋಡಿ. ನನಗೆ ಗೊತ್ತಿರುವುದು ಏನು, ನಾನು ಸೇರಿಸಿದ್ದು ಏನು? ಗೊತ್ತಿರುವುದು: ಒಂದು ಫೋನ್ ಎತ್ತಿಲ್ಲ. ಉಳಿದದ್ದೆಲ್ಲ ಸೇರಿಸಿದ್ದು. ಕಳೆದ ಒಂದು ವರ್ಷದಲ್ಲಿ ಅವನು ಫೋನ್ ಎತ್ತದ ದಿನ ಎಷ್ಟು, ಅವತ್ತೆಲ್ಲ ಕಾರಣ ಏನಿತ್ತು? ಈಗ ಮಾಡಬಹುದಾದ ಒಂದು ಕೆಲಸ ಯಾವುದು? ‘ಬಂದ ಮೇಲೆ ಒಂದು ಮೆಸೇಜ್ ಹಾಕು ಮಗಾ’ ಅಂತ ಕಳಿಸುವುದು, ಹನ್ನೊಂದೂವರೆ ತನಕ ಕಾದು ಅವನ ರೂಮಿನವನಿಗೆ ಫೋನ್ ಮಾಡುವುದು. ಇಷ್ಟು ಬರೆದರೆ ಗಾಬರಿ ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಹದಿನಾಲ್ಕು ಕಾಲ್ ಎರಡಕ್ಕೆ ಇಳಿಯುತ್ತದೆ. ಅದು ಕಡಿಮೆಯೇನಲ್ಲ. ಒಬ್ಬ ತಾಯಿ ಮಗನ ಜೊತೆ ಕೂತು ಮೊದಲೇ ಮಾತಾಡಿ ಇಟ್ಟುಕೊಂಡರು: ತಡವಾಗುವ ದಿನ ಅವನು ಒಂದು ಹೆಬ್ಬೆರಳಿನ ಗುರುತು ಕಳಿಸಬೇಕು, ಅಷ್ಟೇ. ಅವರ ಮನೆಯ ರಾತ್ರಿಗಳು ಬದಲಾದವು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೆಟ್ಟ ಯೋಚನೆಯ ಜಾಗದಲ್ಲಿ ಒಳ್ಳೆಯದನ್ನು ಅಂಟಿಸಿ ಅಂತ ನಾನು ಹೇಳುತ್ತಿಲ್ಲ. ‘ಪಾಸಿಟಿವ್ ಆಗಿ ಯೋಚ್ನೆ ಮಾಡಿ’ ಎಂಬ ಮಾತು ಈಗ ಶುಭೋದಯದ ಚಿತ್ರಗಳಲ್ಲೆಲ್ಲ ಇದೆ. ಕೆನಡಾದ ಜೋವಾನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ತನ್ನ ಬಗ್ಗೆ ಕೀಳರಿಮೆ ಇರುವವರ ಹತ್ತಿರ ‘ನಾನು ಎಲ್ಲರ ಪ್ರೀತಿಗೆ ತಕ್ಕವನು’ ಎಂಬಂಥ ವಾಕ್ಯವನ್ನು ಮತ್ತೆ ಮತ್ತೆ ಹೇಳಿಸಿದರೆ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ನಂಬಿಕೆ ಬಾರದ ಮಾತನ್ನು ಬಾಯಿಂದ ಆಡಿಸಿದರೆ ಒಳಗಿನಿಂದ ‘ಸುಳ್ಳು, ಸುಳ್ಳು’ ಅಂತ ಉತ್ತರ ಬರುತ್ತದೆ. ಪಿಯುಸಿಯಲ್ಲಿ ಫೇಲಾದ ಹುಡುಗನಿಗೆ ‘ನೀನು ಜೀನಿಯಸ್’ ಅನ್ನಬೇಡಿ. ಅವನು ‘ಎಲ್ಲ ಮುಗೀತು’ ಅಂತ ಕೂತಿದ್ದರೆ, ಮುಗಿದಿಲ್ಲ ಎನ್ನುವುದಕ್ಕೆ ಕೈಗೆ ಸಿಗುವ ಸತ್ಯ ಕೊಡಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮುಂದಿನ ಪರೀಕ್ಷೆಗೆ ಯಾವಾಗ ಕಟ್ಟಬೇಕು, ಯಾವ ಪಾಠದಿಂದ ಶುರು ಮಾಡೋಣ ಅಂತ ಪಕ್ಕದಲ್ಲಿ ಕೂರಿ. ಅವತ್ತಿನ ಊಟವನ್ನು ಅವನ ಜೊತೆಗೇ ಮಾಡಿ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ‘ಮೆಲುಕು ಹಾಕುವುದು’ ಅಂದರೆ ನಮಗೆ ಸಿಹಿ ನೆನಪುಗಳೇ ಹೊಳೆಯುತ್ತವೆ. ಅದೇ ಕೆಲಸವನ್ನು ಕಹಿಗೆ ಮಾಡಿದರೆ ಅದಕ್ಕೆ ‘ಕೊರಗು’ ಎಂಬ ಬೇರೆ ಮಾತಿದೆ. ಹಸು ಮೆಲುಕು ಹಾಕಿದರೆ ಹುಲ್ಲು ನುಣ್ಣಗಾಗಿ ಜೀರ್ಣವಾಗುತ್ತದೆ. ಕೊರಗಿನಲ್ಲಿ ಎಷ್ಟು ಅಗಿದರೂ ತುತ್ತು ಹಾಗೇ ಇರುತ್ತದೆ, ಹಲ್ಲು ಸವೆಯುತ್ತದೆ. ಸೂಸನ್ ನೋಲನ್ ಹೊಕ್ಸೆಮಾ ಎಂಬಾಕೆ ಜೀವಮಾನವೆಲ್ಲ ಈ ಕೊರಗನ್ನೇ ಅಧ್ಯಯನ ಮಾಡಿದವರು. 1989ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ದೊಡ್ಡ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಅವರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ, ಬೇಸರವಾದಾಗ ನೀವು ಏನು ಮಾಡುತ್ತೀರಿ ಅಂತ ಪ್ರಶ್ನಾವಳಿ ಕೊಟ್ಟಿದ್ದರು. ಭೂಕಂಪದ ನಂತರ ಮತ್ತೆ ಅದೇ ಮಕ್ಕಳ ಹತ್ತಿರ ಹೋದರು. ಒಂದೇ ಕಡೆ ಕೂತು ‘ನನಗೇ ಯಾಕೆ ಹೀಗೆ’ ಅಂತ ಕೊರಗುವ ಅಭ್ಯಾಸ ಮೊದಲೇ ಇದ್ದವರಲ್ಲಿ ಏಳು ವಾರ ಕಳೆದರೂ ಖಿನ್ನತೆ ಹೆಚ್ಚಿತ್ತು. ನಡುಗಿದ ಭೂಮಿ ಎಲ್ಲರಿಗೂ ಒಂದೇ ಆಗಿತ್ತು.

ಕೊರಗುವವರಿಗೆ ತಾನು ಕೊರಗುತ್ತಿದ್ದೇನೆ ಅನ್ನಿಸುವುದಿಲ್ಲ, ಯೋಚನೆ ಮಾಡುತ್ತಿದ್ದೇನೆ ಅನ್ನಿಸುತ್ತದೆ. ಎರಡನ್ನೂ ಬೇರೆ ಮಾಡಲು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಇದರ ಕೊನೆಗೆ ಮಾಡಲು ಒಂದು ಕೆಲಸ ಸಿಕ್ಕಿತಾ? ನಮ್ಮ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಳೆಗಾಲ ಬಂತೆಂದರೆ ರಾತ್ರಿ ಮೂರು ಗಂಟೆಗೆ ಎದ್ದು ಕೂರುತ್ತಿದ್ದರು. ಅಡಿಕೆಗೆ ಕೊಳೆ ರೋಗ ಬಂದರೆ? ಎಲೆಚುಕ್ಕಿ ರೋಗ ಪಕ್ಕದ ತೋಟದಿಂದ ನಮಗೂ ಬಂದರೆ? ಸೊಸೈಟಿ ಸಾಲ? ನನ್ನ ಹಣೆಬರಹವೇ ಯಾಕೆ ಹೀಗೆ? ಒಂದು ದಿನ ಇಬ್ಬರೂ ಕೂತು ಈ ಪ್ರಶ್ನೆಗಳನ್ನು ಬಿಡಿಸಿದೆವು. ಬೋರ್ಡೋ ಔಷಧಿ ಹೊಡೆಸಲು ಮರ ಹತ್ತುವ ಕೊನೆಗಾರನಿಗೆ ಯಾವತ್ತು ಹೇಳಬೇಕು, ಮೈಲುತುತ್ತ ಸುಣ್ಣ ಯಾವಾಗ ತರಬೇಕು, ಸೊಸೈಟಿ ಸೆಕ್ರೆಟರಿ ಹತ್ತಿರ ಯಾವ ವಾರ ಹೋಗಿ ಮಾತಾಡಬೇಕು. ಇವೆಲ್ಲ ಕೆಲಸಗಳು, ಕ್ಯಾಲೆಂಡರಿನಲ್ಲಿ ತಾರೀಕು ಹಾಕಿದರು. ‘ನನ್ನ ಹಣೆಬರಹವೇ ಯಾಕೆ ಹೀಗೆ’ ಎನ್ನುವುದಕ್ಕೆ ತಾರೀಕು ಸಿಗಲಿಲ್ಲ. ಅದನ್ನು ಹಾಗೇ ಬಿಟ್ಟೆವು. ಅವರ ಕಷ್ಟ ನಿಜವಾದ ಕಷ್ಟ, ಕೊಳೆ ನಿಜವಾದ ರೋಗ. ಯೋಚನೆ ಬದಲಿಸಿಕೊಂಡರೆ ಎಲೆಚುಕ್ಕಿ ಹೋಗುತ್ತದೆ ಅಂತ ರೈತನಿಗೆ ಹೇಳುವುದು ಅವನಿಗೆ ಮಾಡುವ ಅವಮಾನ. ಆದರೆ ಮೂರು ಗಂಟೆಗೆ ಎದ್ದು ಕೂತರೂ ಅದು ಹೋಗುವುದಿಲ್ಲ. ಬೆಳಗ್ಗೆ ತೋಟಕ್ಕೆ ಇಳಿಯಲು ಬೇಕಾದ ಶಕ್ತಿ ಹೋಗುತ್ತದೆ.

ರಾತ್ರಿಯ ಈ ಯೋಚನೆಗೆ ನಾನೇ ಪಾಲಿಸುವ ಒಂದು ಕ್ರಮ ಇದೆ. ಅಮೆರಿಕದ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿ ನೋಡಿದ ಕ್ರಮ ಅದು: ಚಿಂತೆಗೆ ದಿನಕ್ಕೆ ಅರ್ಧ ಗಂಟೆ ನಿಗದಿ ಮಾಡಿ, ದಿನವೂ ಅದೇ ಹೊತ್ತು, ಅದೇ ಜಾಗ. ನನ್ನದು ಸಂಜೆ ಐದೂವರೆ, ಜಗಲಿಯ ಮೇಲೆ, ಕಾಫಿ ಲೋಟದ ಜೊತೆ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಡೈರಿಯಲ್ಲಿ ಒಂದು ಸಾಲು ಬರೆದು ‘ಐದೂವರೆಗೆ ಬಾ’ ಅಂತ ಕಳಿಸುತ್ತೇನೆ. ಇದು ಅದುಮುವುದಲ್ಲ, ಮುಂದೂಡುವುದು. ಬೇಡ ಅಂದರೆ ಮನಸ್ಸು ಹಟ ಹಿಡಿಯುತ್ತದೆ, ಆಮೇಲೆ ಅಂದರೆ ಒಪ್ಪುತ್ತದೆ, ಮಕ್ಕಳ ಹಾಗೆ. ಸಂಜೆ ಡೈರಿ ತೆಗೆದರೆ ಎಷ್ಟೋ ಸಾಲಿಗೆ ಜೀವವೇ ಇರುವುದಿಲ್ಲ. ಜೀವ ಇರುವ ಒಂದೆರಡು ಉಳಿಯುತ್ತವೆ, ಅವಕ್ಕೆ ಪೂರ್ತಿ ಮನಸ್ಸು ಕೊಟ್ಟು ಕೂರುತ್ತೇನೆ. ಮಲಗುವ ಮುಂಚಿನ ಹೊತ್ತನ್ನು ಇದಕ್ಕೆ ಇಡಬೇಡಿ. ಹಾಸಿಗೆಯಲ್ಲಿ ನಿದ್ದೆ ಬಾರದೆ ಹೊರಳುತ್ತಿದ್ದರೆ ಎದ್ದು ಬನ್ನಿ, ನಾಳೆ ಮಾಡಬೇಕಾದ ಕೆಲಸಗಳನ್ನು ಬರೆದಿಡಿ, ಆಮೇಲೆ ಮಲಗಿ. ನಡಿಗೆ, ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿ ಇಡುವುದು, ಇವೆಲ್ಲ ನಿಮಗೆ ಗೊತ್ತಿರುವುದೇ, ನಾನು ಹೆಚ್ಚು ಹೇಳುವುದಿಲ್ಲ.

ಮಾತಾಡಿದರೆ ಹಗುರವಾಗುತ್ತದೆ ಅನ್ನುತ್ತೇವೆ. ನಿಜ, ಆದರೆ ಪೂರ್ತಿ ನಿಜವಲ್ಲ. ನಾನು ಚಿಕ್ಕವಳಿದ್ದಾಗ ಕೊಯ್ಲಿನ ಕಾಲದಲ್ಲಿ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯಲು ಹತ್ತು ಹದಿನೈದು ಜನ ಸಾಲಾಗಿ ಕೂರುತ್ತಿದ್ದರು. ಕೈ ತನ್ನ ಪಾಡಿಗೆ ಸುಲಿಯುತ್ತಿತ್ತು, ಬಾಯಿ ಮಾತಾಡುತ್ತಿತ್ತು. ಅತ್ತೆಯ ಕಾಟ, ಸೊಸೆಯ ಕಾಟ, ಬಸಿರು, ಬಾಣಂತನ, ಸಾಲ, ದೆವ್ವ, ಎಲ್ಲ ಬರುತ್ತಿತ್ತು. ಯಾರಾದರೂ ಅತ್ತರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಪಕ್ಕದವರು ಅವಳ ಮುಂದಿನ ರಾಶಿಯಿಂದ ಒಂದಿಷ್ಟು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಮಾತು ಒಬ್ಬರಲ್ಲೇ ನಿಲ್ಲದೆ ಮುಂದೆ ಹೋಗುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ, ಬೆರಳು ಉಳಿದವು, ಅದು ಒಳ್ಳೆಯದೇ. ಆದರೆ ಹಾಗೆ ಕೂರುವ ಜಾಗ ಹೋಯಿತು. ಇವತ್ತು ಅದೇ ಸಂಕಟವನ್ನು ಒಬ್ಬಳೇ ಗೆಳತಿಗೆ ದಿನಾ ಒಂದು ಗಂಟೆ ಫೋನಿನಲ್ಲಿ ಹೇಳುವುದುಂಟು, ಅದೇ ಮಾತು, ಅದೇ ವಿವರ, ಪ್ರತಿ ದಿನ. ಇಬ್ಬರೂ ಕೂಡಿ ಕೊರಗಿದರೆ ಸ್ನೇಹ ಗಟ್ಟಿಯಾಗುತ್ತದೆ, ಮನಸ್ಸು ಮಾತ್ರ ಇಬ್ಬರದೂ ಕುಸಿಯುತ್ತದೆ ಎನ್ನುವುದನ್ನು ಹದಿಹರೆಯದ ಹುಡುಗಿಯರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ನಿಮ್ಮ ಗೆಳತಿ ನಾಲ್ಕನೇ ಸಲ ಅದೇ ಮಾತು ಹೇಳುತ್ತಿದ್ದರೆ, ‘ಬಾ, ಸಂತೆಗೆ ಹೋಗಿ ಬರೋಣ, ದಾರಿಯಲ್ಲಿ ಹೇಳು’ ಅನ್ನಿ.

ತನಗೆ ತಾನೇ ಹೇಳಿಕೊಳ್ಳುವುದೂ ಒಂದು ದಾರಿ. ನಮ್ಮ ದಾಸರು ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ‘ಮನವೇ’ ಅಂತ ಕರೆದು ಮಾತಾಡಿಸಿದರು. ನನ್ನ ದೊಡ್ಡಮ್ಮ ಒಲೆಯ ಮುಂದೆ ಕೂತು ತನ್ನ ಹೆಸರು ಹಿಡಿದೇ, ‘ಯಾಕೇ ಇಷ್ಟು ಹಾರಾಡ್ತೀಯ, ಮೊದ್ಲು ಹಾಲು ಇಳಿಸು’ ಅನ್ನುತ್ತಿದ್ದಳು. ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದೂ ಇದನ್ನೇ: ಆತಂಕದ ಹೊತ್ತಿನಲ್ಲಿ ‘ನಾನು’ ಅನ್ನದೆ ತನ್ನನ್ನೇ ಹೆಸರು ಹಿಡಿದು ಮಾತಾಡಿಸಿಕೊಂಡವರು ಬೇಗ ಸ್ಥಿಮಿತಕ್ಕೆ ಬಂದರು. ಬೇರೆಯವರ ಕಷ್ಟಕ್ಕೆ ನಮಗೆ ಎಷ್ಟು ಚೆನ್ನಾಗಿ ದಾರಿ ತೋಚುತ್ತದೆ ನೋಡಿ. ಹೆಸರು ಹಿಡಿದು ಕರೆದಾಗ ನಾವು ಒಂದು ಗಳಿಗೆ ನಮಗೇ ಬೇರೆಯವರಾಗುತ್ತೇವೆ.

ಇಷ್ಟು ಹೊತ್ತು ಹೇಳಿದ್ದು ದಿನನಿತ್ಯದ ಯೋಚನೆಗಳ ಮಾತು. ಇದರಾಚೆಗೆ ಇನ್ನೊಂದಿದೆ, ಅಲ್ಲಿ ಡೈರಿ ಸಾಲುವುದಿಲ್ಲ. ಎರಡು ವಾರ ಕಳೆದರೂ ಮನಸ್ಸು ಎದ್ದೇಳುತ್ತಿಲ್ಲ, ನಿದ್ದೆ, ಊಟ, ಕೆಲಸ ಕೆಟ್ಟಿದೆ, ಒಂದೇ ಯೋಚನೆಗಾಗಿ ಗಂಟೆಗಟ್ಟಲೆ ಕೈ ತೊಳೆಯುವುದೋ ಬಾಗಿಲು ನೋಡುವುದೋ ನಡೆಯುತ್ತಿದೆ, ‘ನಾನಿಲ್ಲದಿದ್ದರೇ ವಾಸಿ’ ಅನ್ನಿಸುತ್ತಿದೆ ಅಂದರೆ ಅದು ಜ್ವರದಷ್ಟೇ ನಿಜವಾದ ಕಾಯಿಲೆ, ಡಾಕ್ಟರ ಹತ್ತಿರ ಹೋಗಬೇಕು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ, ನಂಬರು 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡದ್ದು ಏನು ಗೊತ್ತೇ? ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಅವರಲ್ಲಿ ಎಷ್ಟು ಜನ ಯಾರ ಬಾಗಿಲಲ್ಲೋ ನಿಂತು ಒಂದು ವಾಕ್ಯ ಹೇಳಿ, ನನ್ನಂಥವರ ಉತ್ತರ ಕೇಳಿ ಹಿಂದಿರುಗಿದ್ದಾರೋ.

ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. ಹೆಂಡತಿಯನ್ನು ಬಿಡಲು ಬಂದವರು, ಮಳೆ ಜೋರಾಯಿತೆಂದು ಅಲ್ಲೇ ಕೂತಿದ್ದರು. ‘ಮೇಡಂ, ನಮ್ಮನೇಲೂ ಇವಳು ರಾತ್ರಿ ಹಿಂಗೇ ಏನೇನೋ ಹೇಳ್ತಾಳೆ. ನಾನು ತಲೆ ಕೆಡಿಸ್ಕೋಬೇಡ ಅಂತೀನಿ. ನಲವತ್ತು ವರ್ಷದಿಂದ ಅದೇ ಹೇಳ್ಕೊಂಡು ಬಂದಿದೀನಿ. ನಂಗೆ ಬೇರೆ ಗೊತ್ತಿಲ್ಲ. ಅದನ್ನ ಹೇಳ್ಬಾರದು ಅಂದ್ರೆ ಏನು ಹೇಳ್ಲಿ?’

ಏನೂ ಹೇಳಬೇಡಿ ಅಂದೆ. ಟೀವಿ ಆರಿಸಿ, ಪಕ್ಕದಲ್ಲಿ ಕೂತು, ‘ಏನು ಯೋಚ್ನೆ ಬರ್ತಿದೆ?’ ಅಂತ ಕೇಳಿ. ಅವರು ಹೇಳಿದ ಮೇಲೆ ‘ಆಮೇಲೆ?’ ಅಂತ ಕೇಳಿ. ಸರಿ ತಪ್ಪು ಹೇಳಲು ಹೋಗಬೇಡಿ.

‘ಅಷ್ಟೇನಾ?’ ಅಂದರು.

ಅಷ್ಟೇ ಅಂದೆ. ಅವರು ಕೂರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಂಡತಿಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಕೆ ತಿರುಗಿ ನೋಡಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.